ಬಯಲಿನ ಹಿಂದಿನ ಬೆಂಕಿ

ಅಮೆರಿಕದ ವಾಯವ್ಯ ಮೂಲೆಯ ವಿಡ್ಬೀ ದ್ವೀಪದಲ್ಲಿ 1850ರ ದಶಕದಲ್ಲಿ ನೆಲೆಸಿದ ಬಿಳಿಯರು, ದಟ್ಟ ಕಾಡಿನ ನಡುವೆ ಸಿಕ್ಕ ಫಲವತ್ತಾದ ಬಯಲುಗಳನ್ನು ಪ್ರಕೃತಿಯ ಕೊಡುಗೆಯೆಂದೇ ತಿಳಿದು ಉಳುಮೆ ಶುರುಮಾಡಿದರು. ಆ ಬಯಲುಗಳು ಸಾಲಿಶ್ ಮೂಲನಿವಾಸಿಗಳ ದುಡಿಮೆಯ ಫಲವೆಂದು ಇತಿಹಾಸಕಾರ ರಿಚರ್ಡ್ ವೈಟ್ 1980ರಲ್ಲಿ ಬಂದ ತಮ್ಮ ಮೊದಲ ಪುಸ್ತಕದಲ್ಲಿ ತೋರಿಸಿದರು. ಸಾಲಿಶರು ಬಯಲಿಗೆ ಮತ್ತೆ ಮತ್ತೆ ಬೆಂಕಿ ಕೊಡುತ್ತಿದ್ದರು. ಫರ್ ಮರದ ಎಳೆಯ ಸಸಿಗಳು ಸುಟ್ಟುಹೋಗುತ್ತಿದ್ದವು. ಅವರ ಆಹಾರವಾದ ಕ್ಯಾಮಸ್ ಗಡ್ಡೆ, ಜರೀಗಿಡದ ಬೇರುಗಳು ಮಣ್ಣಿನೊಳಗೆ ಉಳಿದು, ಬಿಸಿಲು ಬಿದ್ದ ನೆಲದಲ್ಲಿ ಹುಲುಸಾಗಿ ಚಿಗುರುತ್ತಿದ್ದವು. ಆ ಬೆಂಕಿ ಸಿಡಿಲಿನದೇ ಆಗಿರಬಾರದೇಕೆ ಎಂದು ಕೇಳಬಹುದು. ಆದರೆ ಆ ಸೀಮೆಯಲ್ಲಿ ಗುಡುಗು-ಸಿಡಿಲು ಅಪರೂಪ. ಮಳೆ ಕಡಿಮೆಯಾದ್ದರಿಂದ ಮರ ಬೆಳೆಯಲಿಲ್ಲ ಎಂಬ ವಾದವೂ ಪೂರ್ತಿ ನಿಲ್ಲದು: ಬೆಂಕಿ ನಿಂತ ಮೇಲೆ, ನೇಗಿಲು ತಾಗದ ಇಂಥ ಬಯಲುಗಳಿಗೆ ಕಾಡು ನುಗ್ಗಿತು.

ಮೂಲನಿವಾಸಿಗಳೂ ನೆಲವನ್ನು ಬದಲಿಸಿದ್ದರೆಂದು ಒಪ್ಪಿದರೆ ವಲಸಿಗರ ಹಾವಳಿಗೆ ಸಮರ್ಥನೆ ಸಿಕ್ಕಂತಾಗದೇ? ಈ ಆಕ್ಷೇಪ ಹಗುರವಾದುದಲ್ಲ. ಇದಕ್ಕೆ ಉತ್ತರ ವೈಟ್ ಅವರ 1983ರ ‘ದಿ ರೂಟ್ಸ್ ಆಫ್ ಡಿಪೆಂಡೆನ್ಸಿ’ ಪುಸ್ತಕದಲ್ಲಿ, ನವಾಹೊ ಬುಡಕಟ್ಟಿನ ಕುರಿತ ಅಧ್ಯಾಯಗಳಲ್ಲಿದೆ. 1930ರ ದಶಕದಲ್ಲಿ ನವಾಹೊ ಸೀಮೆಯ ಮಣ್ಣು ಕೊಚ್ಚಿಹೋಗಿ, ಕೊಲೊರಾಡೊ ನದಿಯ ಹೂವರ್ ಅಣೆಕಟ್ಟಿನ ಜಲಾಶಯದಲ್ಲಿ ಹೂಳು ತುಂಬೀತೆಂದು ಸರ್ಕಾರ ಹೆದರಿತು. ಕುರಿ-ಮೇಕೆ ಅತಿಯಾದದ್ದೇ ಕಾರಣವೆಂದು ಮಂದೆಗಳನ್ನು ಬಲವಂತದಿಂದ ತಗ್ಗಿಸಿತು. ಎಷ್ಟೋ ಪ್ರಾಣಿಗಳನ್ನು ಅಲ್ಲಲ್ಲೇ ಕೊಂದು ಬಿಟ್ಟುಹೋದರು. ಮೇವಿಗೆ ಮೀರಿದ ಮಂದೆ ಇದ್ದದ್ದು ನಿಜ, ವೈಟ್ ಅದನ್ನು ಮುಚ್ಚಿಡುವುದಿಲ್ಲ. ಅವರ ಬರವಣಿಗೆಯ ಮೇಲೆ ವಿಶ್ವಾಸ ಹುಟ್ಟುವುದೇ ಇದರಿಂದ. ಆದರೆ ನೆಲದಲ್ಲಿ ಕೊರಕಲು ಬಿದ್ದುದರಲ್ಲಿ ಹವಾಮಾನದ ಪಾಲೂ ಇತ್ತು. ಸುತ್ತಲಿನ ಹುಲ್ಲುಗಾವಲು ಹೊರಗಿನ ದನಗಾರರ ಪಾಲಾಗಿದ್ದರಿಂದ ನವಾಹೊ ಮಂದೆಗಳಿಗೆ ಹರಡಿ ಮೇಯಲು ಜಾಗವೂ ಉಳಿದಿರಲಿಲ್ಲ. ಕುರಿ ಕಳೆದುಕೊಂಡು, ತಮ್ಮ ಅನ್ನ ತಾವೇ ದುಡಿದುಕೊಳ್ಳುತ್ತಿದ್ದವರು ಕೂಲಿಗೂ ಸರ್ಕಾರದ ನೆರವಿಗೂ ಕಾಯಬೇಕಾಯಿತು. ನೆಲವನ್ನು ಬದಲಿಸುವುದು ಬೇರೆ, ಜನರ ಕೈಯಿಂದ ನೆಲದ ನಿರ್ಧಾರವನ್ನೇ ಕಿತ್ತುಕೊಳ್ಳುವುದು ಬೇರೆ. ಮಣ್ಣಿನ ಸವಕಳಿಯನ್ನಷ್ಟೇ ಅಳೆದ ಅಧಿಕಾರಿಗಳಿಗೆ ಈ ಎರಡನೆಯದು ಕಾಣಲೇ ಇಲ್ಲ.

ವೈಟ್ ಅವರ 1995ರ ಪುಸ್ತಕ ‘ದಿ ಆರ್ಗ್ಯಾನಿಕ್ ಮಷೀನ್’ ಇದೇ ವಾದವನ್ನು ಕೊಲಂಬಿಯಾ ನದಿಗೆ ಒಯ್ಯುತ್ತದೆ. ಪ್ರವಾಹಕ್ಕೆ ಎದುರಾಗಿ ಸಾಲ್ಮನ್ ಮೀನು ಮೈಯ ಕೊಬ್ಬು ಕರಗಿಸಿ ಈಜುತ್ತದೆ. ಅದೇ ಪ್ರವಾಹದ ಬಲದಿಂದ ಅಣೆಕಟ್ಟು ವಿದ್ಯುತ್ ತೆಗೆಯುತ್ತದೆ. ಆ ನದಿಯ ಗ್ರ್ಯಾಂಡ್ ಕೂಲಿ ಅಣೆಕಟ್ಟನ್ನು ಮೀನು ದಾಟುವ ಮೆಟ್ಟಿಲಿಲ್ಲದೆ ಕಟ್ಟಿದ್ದರಿಂದ, ಅದರ ಮೇಲ್ಭಾಗದ ಬುಡಕಟ್ಟುಗಳಿಗೆ ಸಮುದ್ರದಿಂದ ಬರುತ್ತಿದ್ದ ಸಾಲ್ಮನ್ ಸಂಪೂರ್ಣ ನಿಂತೇಹೋಯಿತು.