ಇಬ್ಬರು ಚಾಂಪಿಯನ್ನರ ಒಂದೇ ಪಂದ್ಯ

ಕಾರಹುಣ್ಣಿಮೆಯ ಮುಂಗಾರು ಹಬ್ಬಕ್ಕೆ ರಾಯಚೂರಿನಲ್ಲಿ ಎತ್ತುಗಳು ಭಾರದ ಕಲ್ಲು ಎಳೆಯುವುದನ್ನು ನೋಡಲು ಜನ ಬಿಸಿಲನ್ನೂ ಲೆಕ್ಕಿಸದೆ ನಿಲ್ಲುತ್ತಾರೆ. ಪಂದ್ಯದ ಗೀಳಿರುವ ಈ ಜಿಲ್ಲೆಗೆ ಹೇಳಲೇಬೇಕಾದ ಇನ್ನೊಂದು ಪಂದ್ಯವಿದೆ: ಫುಟ್‌ಬಾಲ್‌ನ ಸೂಪರ್ ಕಪ್.

ಲೀಗ್ ಎಂದರೆ ತಿಂಗಳುಗಟ್ಟಲೆ ಆಡಿ ಅಂಕ ಕೂಡಿಸುವುದು. ಕಪ್ ಎಂದರೆ ನಾಕೌಟ್, ಸೋತವರು ಅಂದೇ ಮನೆಗೆ. ಇವೆರಡರ ವಿಜೇತರನ್ನು ಎದುರುಬದುರು ನಿಲ್ಲಿಸುವ ಒಂದೇ ಒಂದು ಪಂದ್ಯವೇ ಸೂಪರ್ ಕಪ್. ಎರಡೂ ಒಬ್ಬರ ಪಾಲಾದರೆ ಸಾಮಾನ್ಯವಾಗಿ ಎರಡನೇ ಸ್ಥಾನದವರಿಗೆ ಅವಕಾಶ. ಇಂಗ್ಲೆಂಡಿನಲ್ಲಿ 1908ರಲ್ಲಿ ಶುರುವಾದ ಚಾರಿಟಿ ಶೀಲ್ಡ್ ಇಂದು ಕಮ್ಯುನಿಟಿ ಶೀಲ್ಡ್ ಹೆಸರಿನಲ್ಲಿ ಇದೇ ಕೆಲಸ ಮಾಡುತ್ತಿದೆ.

ನಮ್ಮಲ್ಲಿ ರಾಷ್ಟ್ರೀಯ ಲೀಗ್ ಮತ್ತು ಫೆಡರೇಷನ್ ಕಪ್ ವಿಜೇತರ ನಡುವಿನ ಈ ಪಂದ್ಯ 1997ರಲ್ಲಿ ಆರಂಭವಾಗಿ, 2011ರಲ್ಲಿ ನಿಂತುಹೋಯಿತು. ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಲ್ಲಿ. ಮೊದಲ ಋತುವಿನಲ್ಲೇ ಆಗಿನ ರಾಷ್ಟ್ರೀಯ ಲೀಗ್ ಆಗಿದ್ದ ಐ-ಲೀಗ್ ಗೆದ್ದಿತು, 2015–16ರಲ್ಲಿ ಮತ್ತೊಮ್ಮೆ. ಫೆಡರೇಷನ್ ಕಪ್ಪನ್ನೂ 2015 ಮತ್ತು 2017ರಲ್ಲಿ ತಂದಿತು. ಆದರೆ ಆ ಚಾಂಪಿಯನ್ನರಿಗೆ ಆಡಲು ಸೂಪರ್ ಕಪ್ಪೇ ಉಳಿದಿರಲಿಲ್ಲ. ಕರ್ನಾಟಕದ ಫುಟ್‌ಬಾಲ್‌ಗೆ ಇದು ದೊಡ್ಡ ನಷ್ಟವೆಂದೇ ನನ್ನ ಭಾವನೆ.

2018ರಲ್ಲಿ ಹೆಸರು ಮರಳಿತು, ಸ್ವರೂಪ ಮರಳಲಿಲ್ಲ. ಈಗಿನದು ಹಲವು ತಂಡಗಳ ಟೂರ್ನಿ. ಆ ವರ್ಷದ ಏಪ್ರಿಲ್ 20ರಂದು ಭುವನೇಶ್ವರದ ಕಳಿಂಗ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಮತ್ತು ಈಸ್ಟ್ ಬೆಂಗಾಲ್ ನಡುವೆ ಫೈನಲ್. ಮೊದಲ ಗೋಲು ಈಸ್ಟ್ ಬೆಂಗಾಲ್‌ನದು. ರಾಹುಲ್ ಭೆಕೆ ಹೆಡರ್‌ನಿಂದ ಸಮ ಮಾಡಿದರು. ವಿರಾಮಕ್ಕೆ ಮೊದಲೇ ಎದುರಾಳಿಗೆ ಕೆಂಪು ಕಾರ್ಡ್ ಬಿತ್ತು. ದ್ವಿತೀಯಾರ್ಧದಲ್ಲಿ ಸುನಿಲ್ ಚೆಟ್ರಿ ಪೆನಾಲ್ಟಿಯಿಂದ ಒಂದು, ಕೊನೆಯಲ್ಲಿ ಮತ್ತೊಂದು, ನಡುವೆ ಮಿಕು ಒಂದು. 4–1ರಲ್ಲಿ ಕಪ್ ಬೆಂಗಳೂರಿಗೆ ಬಂತು. 2023ರ ಕೋಯಿಕ್ಕೋಡ್ ಫೈನಲ್‌ನಲ್ಲಿ ಒಡಿಶಾ ಎದುರು 1–2ರ ಸೋಲು.

ಸ್ಪೇನ್, ಇಟಲಿಗಳೂ ತಮ್ಮ ಸೂಪರ್ ಕಪ್ಪನ್ನು ನಾಲ್ಕು ತಂಡಗಳಿಗೆ ಹಿಗ್ಗಿಸಿ ಸೌದಿ ಅರೇಬಿಯಾಕ್ಕೆ ಒಯ್ದಿವೆ. ಹಣ ಹೆಚ್ಚಿರಬಹುದು, ಒಂದೇ ಪಂದ್ಯದ ತೂಕ ಇಳಿಯಿತು.

ನಮ್ಮ ರಾಜ್ಯದಲ್ಲಿ ಸೂಪರ್ ಡಿವಿಷನ್ ಲೀಗ್ ಇದೆ, ಸ್ಟಾಫರ್ಡ್ ಕಪ್ ಇದೆ. ಇವೆರಡರ ವಿಜೇತರನ್ನು ಪ್ರತಿ ವರ್ಷ ಬೆಂಗಳೂರಿನ ಹೊರಗೆ ಒಂದೇ ಪಂದ್ಯದಲ್ಲಿ ಆಡಿಸಲಿ. ಅದಕ್ಕೆ ಎರಡು ತಂಡ, ಒಂದು ಮೈದಾನ, ಒಂದು ಸಂಜೆ ಸಾಕು. ಮೊದಲ ಪಂದ್ಯ ರಾಯಚೂರಿನ ಮಹಾತ್ಮ ಗಾಂಧಿ ಕ್ರೀಡಾಂಗಣಕ್ಕೆ ಬರಲಿ, ದೇವದುರ್ಗ ಮತ್ತು ಮಾನ್ವಿಯ ಶಾಲಾ ಮಕ್ಕಳಿಗೆ ಮುಂದಿನ ಸಾಲು ಮೀಸಲಿರಲಿ. ರಾಜ್ಯ ಫುಟ್‌ಬಾಲ್ ಸಂಸ್ಥೆ ಇದನ್ನು ಪರಿಶೀಲಿಸಬೇಕು.