ಎಂಜಿನ್ ಕಾದರೆ ಕೂಡಲೇ ತಣ್ಣೀರು ಸುರಿಯಬೇಕೇ?

ಅರಸೀಕೆರೆಯಿಂದ ಹಳೆಯ ವ್ಯಾನಿನಲ್ಲಿ ಹೊರಟ ನಾವು ಹಳೇಬೀಡು ನೋಡಿಕೊಂಡು, 16 ಕಿ.ಮೀ. ದೂರದ ಬೇಲೂರಿನ ದಾರಿ ಹಿಡಿದಿದ್ದೆವು. ನಡುವೆ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟಿತು. ಜೊತೆಗಿದ್ದವರೊಬ್ಬರು ವಾಟ್ಸಾಪ್‌ನಲ್ಲಿ ಬಂದಿದ್ದ ಸಲಹೆ ಓದಿದರು: "ಕೂಡಲೇ ರೇಡಿಯೇಟರ್ ಮುಚ್ಚಳ ತೆಗೆದು ತಣ್ಣೀರು ಸುರಿಯಿರಿ."

ಇದು ನಿಜವೇ?

ಅಲ್ಲ, ಅಪಾಯ. ರೇಡಿಯೇಟರ್ ಪ್ರೆಶರ್ ಕುಕ್ಕರ್ ಇದ್ದ ಹಾಗೆ. ಒತ್ತಡದಿಂದಾಗಿ ಒಳಗಿನ ನೀರು 100 ಡಿಗ್ರಿ ಸೆಲ್ಸಿಯಸ್ ದಾಟಿದರೂ ಕುದಿಯುವುದಿಲ್ಲ. ಮುಚ್ಚಳ ತೆಗೆದೊಡನೆ ಒತ್ತಡ ಇಳಿದು, ನೀರು ಆವಿಯಾಗಿ ಚಿಮ್ಮಿ ಮುಖ, ಕೈ ಸುಡುತ್ತದೆ. ಕಾದ ಲೋಹಕ್ಕೆ ತಣ್ಣೀರು ತಗುಲಿದರೆ ಸಿಲಿಂಡರ್ ಹೆಡ್ ಬಿರುಕು ಬಿಡಬಹುದು.

ಹಾಗಾದರೆ ಏನು ಮಾಡಬೇಕು?

ರಸ್ತೆ ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಕನಿಷ್ಠ ಅರ್ಧ ಗಂಟೆ ಕಾಯಿರಿ. ಅಷ್ಟರಲ್ಲಿ ಕಾರಣ ಹುಡುಕಿ:

• ವ್ಯಾನಿನ ಕೆಳಗೆ ನೀರು ತೊಟ್ಟಿಕ್ಕುತ್ತಿದೆಯೇ? ಹೋಸ್ ಅಥವಾ ರೇಡಿಯೇಟರ್ ಸೋರುತ್ತಿರಬಹುದು.

• ಟ್ರಾಫಿಕ್‌ನಲ್ಲಿ ನಿಂತಾಗ ಮಾತ್ರ ಕಾಯುತ್ತಿತ್ತೇ? ಫ್ಯಾನ್ ತಿರುಗುತ್ತಿಲ್ಲದಿರಬಹುದು, ಫ್ಯೂಸ್ ನೋಡಿ.

• ಓಡುವಾಗಲೂ ಕಾಯುತ್ತಿತ್ತೇ? ನೀರು ಕಡಿಮೆಯಾಗಿರಬಹುದು, ರೇಡಿಯೇಟರ್ ಕಟ್ಟಿಕೊಂಡಿರಬಹುದು, ಥರ್ಮೋಸ್ಟಾಟ್ ಕೆಟ್ಟಿರಬಹುದು.

• ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದೆಯೇ? ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಮತ್ತೆ ಸ್ಟಾರ್ಟ್ ಮಾಡದೆ ಮೆಕ್ಯಾನಿಕ್ ಕರೆಸಿ.

ನಮ್ಮ ವ್ಯಾನಿನಲ್ಲಿ ಸಡಿಲವಾಗಿದ್ದುದು ಹೋಸ್ ಕ್ಲಿಪ್. ಪೂರ್ತಿ ತಣ್ಣಗಾದ ಮೇಲೆ ಅದನ್ನು ಬಿಗಿ ಮಾಡಿ, ಮುಚ್ಚಳವನ್ನು ದಪ್ಪ ಬಟ್ಟೆಯಿಂದ ಹಿಡಿದು ನಿಧಾನವಾಗಿ ತೆಗೆದು, ನೀರು ತುಂಬಿದೆವು. ಬೇಲೂರು ತಲುಪುವಾಗ ಕತ್ತಲಾಗಿತ್ತು. ಯಾರ ಕೈಯೂ ಸುಟ್ಟಿರಲಿಲ್ಲ.

ಈ ಸಲಹೆ ನಿಮಗೂ ಬಂದರೆ ಫಾರ್ವರ್ಡ್ ಮಾಡಬೇಡಿ. ಕಳಿಸಿದವರಿಗೆ ಕುಕ್ಕರ್ ನೆನಪಿಸಿ.