ಇಂಜಿನ್ನಿನ ದಮ್ಮು: ವಾಹನಶಕ್ತಿಯ ಉತ್ಪತ್ತಿ ಮತ್ತು ಗ್ಯಾರೇಜಿನ ಮೌಖಿಕ ತಿಳಿವಳಿಕೆ

ಕೃಷಿ, ನೇಯ್ಗೆ, ಕುಂಬಾರಿಕೆ, ಕಮ್ಮಾರಿಕೆ ಮೊದಲಾದ ವೃತ್ತಿಗಳ ಪದಸಂಪತ್ತಿನ ಸಂಗ್ರಹಕ್ಕೆ ಕನ್ನಡ ಜಾನಪದ ಅಧ್ಯಯನವು ಸಾಕಷ್ಟು ಗಮನ ನೀಡಿದೆ. ಮೋಟಾರು ವಾಹನಗಳ ದುರಸ್ತಿಯನ್ನು ಮಾತ್ರ ಒಂದು ವೃತ್ತಿಪರಂಪರೆಯಾಗಿ ಕಾಣಲು ನಾವು ಹಿಂಜರಿದಿದ್ದೇವೆ. ಯಂತ್ರವು ಹೊರಗಿನಿಂದ ಬಂದುದು, ಅದರ ಶಾಸ್ತ್ರವು ಪುಸ್ತಕದಲ್ಲಿದೆ, ಆದ್ದರಿಂದ ಅದು ಜಾನಪದವಲ್ಲ ಎಂಬ ಗ್ರಹಿಕೆ ಇದಕ್ಕೆ ಕಾರಣವಿರಬೇಕು. ಆದರೆ ನಮ್ಮ ಊರುಗಳ ಗ್ಯಾರೇಜುಗಳಲ್ಲಿ ವಿದ್ಯೆಯು ಪುಸ್ತಕದಿಂದ ಬಂದುದಲ್ಲ. ಮೇಸ್ತ್ರಿಯ ಪಕ್ಕದಲ್ಲಿ ನಿಂತ ಹುಡುಗನ ಕಣ್ಣು, ಕಿವಿ, ಬೆರಳುಗಳ ಮೂಲಕ ಬಂದುದು. ಇಂಜಿನ್ನಿನಲ್ಲಿ ಶಕ್ತಿ ಹುಟ್ಟುವ ಕ್ರಮವನ್ನು ಅಲ್ಲಿನ ಪದಗಳು ಎಷ್ಟು ನಿಖರವಾಗಿ ಹಿಡಿದಿವೆ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಅದಕ್ಕಾಗಿ ಮೊದಲು ಆ ಕ್ರಮವನ್ನೇ ನೋಡಬೇಕು.

ಉಗಿಯಂತ್ರದಲ್ಲಿ ಬೆಂಕಿ ಹೊರಗೆ, ಕೆಲಸ ಒಳಗೆ. ಅಂತರ್ದಹನ ಯಂತ್ರದಲ್ಲಿ ಬೆಂಕಿಯೂ ಸಿಲಿಂಡರಿನ ಒಳಗೇ ಹೊತ್ತಿಕೊಳ್ಳುತ್ತದೆ. ಕಾದ ಅನಿಲವು ಹಿಗ್ಗಿ ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ. ಹೊಲಿಗೆ ಯಂತ್ರದ ಪೆಡಲನ್ನು ತುಳಿದಾಗ ಕಾಲಿನ ಮೇಲುಕೆಳಗಿನ ಚಲನೆಯು ಚಕ್ರದ ತಿರುಗುವಿಕೆಯಾಗುವಂತೆ, ಪಿಸ್ಟನ್ನಿನ ಚಲನೆಯನ್ನು ಕ್ರ್ಯಾಂಕ್ ದಂಡವು ಸುತ್ತುವ ಚಲನೆಯಾಗಿ ಮಾರ್ಪಡಿಸುತ್ತದೆ. ಜರ್ಮನಿಯ ನಿಕೊಲಾಸ್ ಒಟ್ಟೊ 1876ರಲ್ಲಿ ರೂಪಿಸಿದ ಯಂತ್ರದಲ್ಲಿ ಇದು ನಾಲ್ಕು ಹೊಡೆತಗಳಲ್ಲಿ ನಡೆಯಿತು. ಪಿಸ್ಟನ್ ಕೆಳಗಿಳಿಯುತ್ತ ಗಾಳಿ ಮತ್ತು ಇಂಧನದ ಮಿಶ್ರಣವನ್ನು ಒಳಗೆಳೆಯುತ್ತದೆ. ಮೇಲೇರುತ್ತ ಅದನ್ನು ಅದುಮುತ್ತದೆ. ಕಿಡಿ ತಗುಲಿ ಉರಿದಾಗ ಕೆಳಕ್ಕೆ ತಳ್ಳಲ್ಪಡುತ್ತದೆ. ಮತ್ತೆ ಮೇಲೇರುತ್ತ ಉರಿದ ಹೊಗೆಯನ್ನು ಹೊರದೂಡುತ್ತದೆ. ನಾಲ್ಕರಲ್ಲಿ ದುಡಿಯುವುದು ಒಂದೇ ಹೊಡೆತ. ಉಳಿದ ಮೂರನ್ನು ಆ ಒಂದರ ಗಳಿಕೆಯಿಂದಲೇ ಸಾಗಿಸಬೇಕು. ಭಾರವಾದ ಫ್ಲೈವೀಲ್ ಇರುವುದು ಇದಕ್ಕಾಗಿ.

ಇಲ್ಲಿ ಸಾಮಾನ್ಯವಾಗಿ ಮರೆಯುವ ಸಂಗತಿಯೆಂದರೆ ಗಾಳಿಯ ಪಾತ್ರ. ಒಂದು ಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಇಂಜಿನ್ ಇಂಧನವನ್ನು ಕುಡಿಯುವುದಕ್ಕಿಂತ ಹೆಚ್ಚಾಗಿ ಉಸಿರಾಡುತ್ತದೆ. ಗ್ಯಾರೇಜಿನಲ್ಲಿ ‘ಇಂಜಿನ್ನಿಗೆ ದಮ್ಮಿಲ್ಲ’ ಎನ್ನುವಾಗ ಈ ತಿಳಿವು ಇದೆ. ದಮ್ಮು ಎಂದರೆ ಉಸಿರೂ ಹೌದು, ಕಸುವೂ ಹೌದು. ರಿಂಗು ಸವೆದು ಅಥವಾ ವಾಲ್ವು ಸರಿಯಾಗಿ ಕೂರದೆ ಅದುಮಿದ ಗಾಳಿ ಸೋರಿಹೋದರೆ ಇಂಧನ ಎಷ್ಟಿದ್ದರೂ ಬಲ ಹುಟ್ಟದು. ಮೇಸ್ತ್ರಿಗಳು ಪ್ಲಗ್ಗನ್ನು ಬಿಚ್ಚಿ, ಆ ತೂತಿಗೆ ಹೆಬ್ಬೆರಳೊತ್ತಿ, ಹುಡುಗನಿಗೆ ಕಿಕ್ ಹೊಡೆಯಲು ಹೇಳುತ್ತಾರೆ. ಬೆರಳನ್ನು ಗಾಳಿ ಎಷ್ಟು ಜೋರಾಗಿ ತಳ್ಳಿತು ಎಂಬುದರಿಂದ ದಮ್ಮಿನ ಅಳತೆ. ಒತ್ತಡಮಾಪಕವು ಸಂಖ್ಯೆಯಲ್ಲಿ ಹೇಳುವುದನ್ನೇ ಬೆರಳು ಅನುಭವದಲ್ಲಿ ಹೇಳುತ್ತದೆ.

ಎರಡು ಹೊಡೆತದ ಇಂಜಿನ್ನಿನ ವಿಚಾರ ಬಂದಾಗ ಮೈಸೂರನ್ನು ಬಿಟ್ಟು ಮಾತನಾಡಲಾಗದು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ ಜಾವಾ, ಅನಂತರ ಯೆಜ್ಡಿ ಹೆಸರಿನ ಮೋಟಾರ್ ಸೈಕಲ್ಲುಗಳನ್ನು ತಯಾರಿಸಿ 1996ರಲ್ಲಿ ಬಾಗಿಲು ಮುಚ್ಚಿತು. ಇವುಗಳಲ್ಲಿ ವಾಲ್ವುಗಳಿಲ್ಲ, ಸಿಲಿಂಡರಿನ ಗೋಡೆಯ ಕಿಂಡಿಗಳನ್ನು ಪಿಸ್ಟನ್ನೇ ಮುಚ್ಚಿ ತೆರೆಯುತ್ತದೆ. ಹೊಸ ಮಿಶ್ರಣ ನುಗ್ಗುವುದೂ ಹಳೆಯ ಹೊಗೆ ಹೊರಡುವುದೂ ಬಹುತೇಕ ಒಟ್ಟಿಗೇ ನಡೆದು ಕ್ರ್ಯಾಂಕಿನ ಪ್ರತಿ ಸುತ್ತಿಗೂ ಒಂದು ದುಡಿಮೆ ದೊರೆಯುತ್ತದೆ. ರಚನೆ ಸರಳ, ತೂಕ ಕಡಿಮೆ. ಆದರೆ ಉರಿಯದ ಇಂಧನದ ಒಂದು ಭಾಗ ಹೊಗೆಯೊಡನೆಯೇ ಹೊರಟುಹೋಗುತ್ತದೆ. ಪೆಟ್ರೋಲಿಗೆ ಬೆರೆಸಿದ ಎಣ್ಣೆಯೂ ಉರಿಯುತ್ತದೆ. ಕ್ಷೇತ್ರಕಾರ್ಯದ ಆರಂಭದಲ್ಲಿ ‘ನೀಲಿ ಹೊಗೆ ಎಂದರೆ ರಿಂಗು ಸವೆತ’ ಎಂದು ನಾನು ಟಿಪ್ಪಣಿ ಬರೆದುಕೊಳ್ಳುತ್ತಿದ್ದಾಗ ಹಿರಿಯ ಮೇಸ್ತ್ರಿಯೊಬ್ಬರು ತಡೆದು, “ಯಾವ ಗಾಡಿ ಅಂತ ಮೊದಲು ಬರ್ಕೊಳ್ಳಿ ಸಾರ್” ಎಂದರು. ನಾಲ್ಕು ಹೊಡೆತದ ಗಾಡಿಯಲ್ಲಿ ರೋಗಲಕ್ಷಣವಾದದ್ದು ಜಾವಾದಲ್ಲಿ ಸಹಜಗುಣ. ಒಂದು ಪದಕೋಶವು ಈ ಭೇದವನ್ನು ದಾಖಲಿಸದಿದ್ದರೆ ತಪ್ಪನ್ನೇ ಕಲಿಸುತ್ತದೆ.

ಡೀಸೆಲ್ ಇಂಜಿನ್ನಿಗೆ ಕಿಡಿಯ ಹಂಗಿಲ್ಲ. ರುಡಾಲ್ಫ್ ಡೀಸೆಲ್ 1897ರಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದ ಈ ಯಂತ್ರದಲ್ಲಿ ಬರಿಯ ಗಾಳಿಯನ್ನು ಬಿಗಿಯಾಗಿ ಅದುಮಲಾಗುತ್ತದೆ. ಪೆಟ್ರೋಲ್ ಇಂಜಿನ್ನಿನಲ್ಲಿ ಮಿಶ್ರಣವು ಸಾಮಾನ್ಯವಾಗಿ 8ರಿಂದ 12ರಲ್ಲಿ ಒಂದು ಭಾಗಕ್ಕೆ ಕುಗ್ಗಿದರೆ ಇಲ್ಲಿ ಗಾಳಿಯು ಸುಮಾರು 15ರಿಂದ 20ರಲ್ಲಿ ಒಂದು ಭಾಗಕ್ಕೆ ಕುಗ್ಗಿ, ಸಿಂಪಡಿಸಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುವಷ್ಟು ಕಾಯುತ್ತದೆ. ಟ್ರ್ಯಾಕ್ಟರು, ಲಾರಿಗಳ ಚಾಲಕರು ಇದರ ಗುಣವನ್ನು ‘ಎಳೆತ’ ಎನ್ನುತ್ತಾರೆ, ‘ಓಟ’ವೇ ಬೇರೆ. ನೇಗಿಲಿಗೆ ಕಟ್ಟಿದ ಎತ್ತಿನ ಎಳೆತವೇ ಈ ಪದದೊಡನೆ ಇಂಜಿನ್ನಿಗೆ ದಾಟಿ ಬಂದಿದೆ. ಪಠ್ಯಪುಸ್ತಕಗಳ ‘ತಿರುಗುಬಲ’ಕ್ಕಿಂತ ಇದು ಉತ್ತಮ ಪದವೆಂದೇ ನನ್ನ ಅಭಿಪ್ರಾಯ. ಎಳೆತವನ್ನು ಸುತ್ತಿನ ವೇಗದಿಂದ ಗುಣಿಸಿದಾಗ ದೊರೆಯುವುದೇ ಶಕ್ತಿ; ಒಂದು ಅಶ್ವಶಕ್ತಿಯೆಂದರೆ ಸುಮಾರು 746 ವ್ಯಾಟ್. ಕಡಿಮೆ ಸುತ್ತಿನಲ್ಲೇ ಡೀಸೆಲ್ ಹೆಚ್ಚು ಎಳೆಯುವುದರಿಂದ ಹೊಲಕ್ಕೂ ಘಾಟಿಗೂ ಅದು ಒಗ್ಗಿತು.

ಇನ್ನು ಸದ್ದು. ಉತ್ತರ ಕರ್ನಾಟಕದಲ್ಲಿ ಮೋಟಾರ್ ಸೈಕಲ್ಲಿಗೆ ‘ಫಟಫಟಿ’ ಎಂಬ ಹೆಸರಿದೆ. ಈ ಅನುಕರಣ ಪದವು ಯಂತ್ರದ ಆಕಾರವನ್ನಲ್ಲ, ದುಡಿಮೆಯ ಹೊಡೆತ ಮುಗಿದು ಬಿಸಿ ಅನಿಲ ಹೊರನುಗ್ಗುವ ಕ್ಷಣವನ್ನು ಹೆಸರಿಸುತ್ತದೆ. ನಿಮಿಷಕ್ಕೆ 1000 ಸುತ್ತು ತಿರುಗುವ ಒಂಟಿ ಸಿಲಿಂಡರಿನ ನಾಲ್ಕು ಹೊಡೆತದ ಇಂಜಿನ್ 500 ಸಲ ಸಿಡಿದರೆ ಎರಡು ಹೊಡೆತದ್ದು 1000 ಸಲ ಸಿಡಿಯಬೇಕು. ಬುಲೆಟ್ಟಿನ ಬಡಿತ ಒಂದೊಂದಾಗಿ ಕೇಳಿಸುವುದಕ್ಕೆ ಇದೂ ಒಂದು ಕಾರಣ. ಈ ಲಯದಲ್ಲಿ ಒಂದು ಏಟು ತಪ್ಪಿದರೆ ‘ಮಿಸ್ ಹೊಡೆಯುತ್ತಿದೆ’ ಎಂದು ಮೇಸ್ತ್ರಿ ಬೆನ್ನು ತಿರುಗಿಸಿ ಕುಳಿತಲ್ಲಿಂದಲೇ ಹೇಳಬಲ್ಲರು.

2000ದಲ್ಲಿ ಹೊಗೆಯ ಮಿತಿಗಳು ಬಿಗಿಯಾದ ಮೇಲೆ ಎರಡು ಹೊಡೆತದ ಮೋಟಾರ್ ಸೈಕಲ್ಲುಗಳು ಮಾರುಕಟ್ಟೆಯಿಂದ ಹಿಂದೆ ಸರಿದವು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರುಗಳು ಮರಳಿ ಬಂದವಾದರೂ ಒಳಗಿರುವುದು ನಾಲ್ಕು ಹೊಡೆತದ ಇಂಜಿನ್. ವಿದ್ಯುತ್ ವಾಹನದಲ್ಲಿ ಉಸಿರೂ ಇಲ್ಲ, ಸಿಡಿತವೂ ಇಲ್ಲ. ಬೆರಳಿನಿಂದ ದಮ್ಮು ಅಳೆಯಬಲ್ಲ ತಲೆಮಾರಿಗೆ ಈಗ ವಯಸ್ಸಾಗಿದೆ. ಅವರ ಗ್ಯಾರೇಜುಗಳಲ್ಲಿ ಕಲಿಯಲು ನಿಲ್ಲುವ ಹುಡುಗರು ವಿರಳ. ಇವರ ಪದಗಳನ್ನು ಬರೆದುಕೊಂಡರಷ್ಟೇ ಸಾಲದು. ‘ಮಿಸ್’ ಎಂಬ ಪದದ ಪಕ್ಕದಲ್ಲಿ ಮಿಸ್ ಹೊಡೆಯುವ ಇಂಜಿನ್ನಿನ ಸದ್ದೂ, ಅದನ್ನು ಕೇಳಿ ಮೇಸ್ತ್ರಿ ಹೇಳಿದ ಮಾತೂ ಒಟ್ಟಿಗೆ ಧ್ವನಿಮುದ್ರಣಗೊಳ್ಳಬೇಕು. ಓಡುವ ಸ್ಥಿತಿಯಲ್ಲಿರುವ ಹಳೆಯ ಜಾವಾಗಳು ಮೈಸೂರಿನಲ್ಲಿ ಇನ್ನೂ ಇರುವುದರಿಂದ ಈ ಕೆಲಸವನ್ನು ಅಲ್ಲಿಂದಲೇ ಆರಂಭಿಸಬಹುದು.